ಕೈ ಸೋಕದ ಹೊಲ

“ಯಾವ ದನ ಇದು, ನನ್ನ ಸಾಲಿನೊಳಗೆ ಕಾಲಿಟ್ಟಿದ್ದು?”

ಧಣಿ ಕೇಳಿದ್ದು ನಮ್ಮನ್ನ. ಕೇಳಿಸಿಕೊಂಡವರು ಎಲ್ಲರೂ. ಬದುವಿನ ಮೇಲೆ ಸುತ್ತಮುತ್ತಲ ದೊಡ್ಡ ಜಮೀನಿನವರೆಲ್ಲ ನಿಂತಿದ್ದರು. ಇಸ್ತ್ರಿ ಬಟ್ಟೆ, ಕಪ್ಪು ಕನ್ನಡಕ, ಕೈಯಲ್ಲಿ ಮೆಷಿನ್ ಕಂಪನಿಯವರು ಕೊಟ್ಟ ತಣ್ಣನೆ ಬಾಟಲಿ. ಅವರು ಮೊದಲು ನೆಲ ನೋಡಿದರು. ಆಮೇಲೆ ನಮ್ಮನ್ನ ನೋಡಿದರು. ಆಮೇಲೆ ನಕ್ಕರು.

ನಾವು ಟ್ರಾಲಿಯ ನೆರಳಲ್ಲಿ ಒತ್ತಿಕೊಂಡು ನಿಂತಿದ್ದೆವು. ಟೆಂಟಿನಡಿ ಕುರ್ಚಿ ಹಾಕಿ, ನೀರು ತಂದಿಟ್ಟು, ಆಮೇಲೆ ಕಣ್ಣಿಗೆ ಬೀಳದ ಹಾಗೆ ಇರಿ ಅಂತ ನಮಗೆ ಹೇಳಿದ್ದರು.

ಮಣ್ಣಲ್ಲಿ ಮೂಡಿದ್ದ ಆ ಹೆಜ್ಜೆ ದನದ್ದಲ್ಲ. ದನಕ್ಕೆ ಗೊರಸಿರುತ್ತೆ. ಇದಕ್ಕೆ ಬೆರಳಿದ್ದವು. ಹೆಬ್ಬೆರಳು ಮಾತ್ರ ಮಿಕ್ಕ ಬೆರಳುಗಳ ಸಹವಾಸವೇ ಬೇಡ ಅನ್ನೋ ಹಾಗೆ ಹೊರಕ್ಕೆ ತಿರುಗಿತ್ತು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಡೆಯೋಕೆ ಕಲಿತಾಗಿಂದ ಆ ಕಾಲಿನ ಹಿಂದೆ ನಡೆದವನು ನಾನು.

ಅದು ನಮ್ಮವ್ವನ ಕಾಲು.

ಹೊಲದಲ್ಲಿ ಹೆಜ್ಜೆ ಇದ್ದರೆ ಏನಾಯ್ತು, ಹೊಲ ಅಂದಮೇಲೆ ಕಾಲಿಡದೆ ಇರೋಕಾಗುತ್ತಾ ಅಂತ ನೀವು ಕೇಳಬಹುದು. ಈ ಹೊಲದಲ್ಲಿ ಇಡಬಾರದಿತ್ತು. ಅವತ್ತು ಅಲ್ಲಿ ಬಿತ್ತೋ ಮೆಷಿನ್ನಿನ ಪ್ರದರ್ಶನ. ಗೇಟಿಗೆ ಬ್ಯಾನರ್ ಕಟ್ಟಿದ್ದರು. ‘ಕೈ ಸೋಕದ ಹೊಲ’ ಅಂತ ಕೆಂಪಕ್ಷರ. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಖರ್ಚು ಕಡಿಮೆ, ಲಾಭ ಹೆಚ್ಚು, ಕೂಲಿಯವರ ಕಾಟವಿಲ್ಲ.’ ಏಣಿ ಹತ್ತಿ ಅದನ್ನ ಕಟ್ಟಿದ್ದು ನಾನೇ. ಕೂಲಿಯವರ ಕಾಟವಿಲ್ಲ ಅನ್ನೋದನ್ನ ಕಟ್ಟೋಕೂ ಅವರಿಗೆ ಕೂಲಿಯವನೇ ಬೇಕಾಯ್ತು.

ನಮ್ಮ ದೊಡ್ಡಮ್ಮನಿಗೆ ಓದೋಕೆ ಬರಲ್ಲ. ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದಳು. ಏನಂತ ಬರೆದವ್ರೆ ಅಂತ ಕೇಳಿದಳು. ಓದಿ ಹೇಳಿದೆ.

“ನಾನು ಊರಿಗೆಲ್ಲ ಕಾಟ ಕೊಡೋವಷ್ಟು ದೊಡ್ಡೋಳಾದ್ನಾ?” ಅಂದಳು. “ನಿಮ್ಮ ದೊಡ್ಡಪ್ಪ ಇದ್ದಿದ್ರೆ ಖುಷಿ ಪಡ್ತಿದ್ದ. ಪಾಪ, ತನಗೊಬ್ಬನಿಗೇ ಅನ್ಕೊಂಡು ಸತ್ತ.”

ಆವತ್ತು ನಾನೂ ನಕ್ಕಿದ್ದೆ.

ಮೆಷಿನ್ ಬಗ್ಗೆ ಹೇಳಬೇಕು. ಒಳ್ಳೆ ಮೆಷಿನ್ನು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಬಿತ್ತೋದು. ಸಾಲಿಗೊಂದು ಬೀಜದ ಡಬ್ಬಿ. ಡಬ್ಬಿಯೊಳಗೆ ತೂತಿನ ತಟ್ಟೆ ತಿರುಗುತ್ತೆ. ಗಾಳಿ ಎಳೆದು ಬೀಜವನ್ನ ತೂತಿಗೆ ಅಂಟಿಸುತ್ತೆ, ಒಂದೊಂದೇ ಬೀಜ ಕೆಳಗೆ ಬಿಡುತ್ತೆ. ಸ್ಟೇರಿಂಗ್ ಪಕ್ಕ ಒಂದು ಪರದೆ. ಅದಕ್ಕೆ ಆಕಾಶದಿಂದ ದಾರಿ ಬರುತ್ತಂತೆ. ಸಾಲು ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಬರುತ್ತೆ. ನಮ್ಮ ಜನ ಬೀಜ ಹಿಡಿದು ಬಗ್ಗಿಕೊಂಡು ಹೋದ ಹೊಲದಲ್ಲಿ ಅಂಥ ಸಾಲು ನಾನು ನೋಡಿಲ್ಲ. ಮೆಷಿನ್ ಮೇಲೆ ನನಗೆ ಸಿಟ್ಟಿಲ್ಲ.

ನನಗೆ ಆ ಸೀಟು ಬೇಕಿತ್ತು. ಸುಳ್ಳು ಯಾಕೆ ಹೇಳಲಿ?

ಶಾಲೆ ಅರ್ಧಕ್ಕೆ ಬಿಟ್ಟು ಧಣಿಯ ಗೊಬ್ಬರದ ಮೂಟೆ ಹೊರೋಕೆ ನಿಂತವನು ನಾನು. ಆಮೇಲೆ ಟ್ರ್ಯಾಕ್ಟರ್ ಹೊಡೆಯೋದು ಕಲಿತೆ. ಬಿಸಿಲಲ್ಲಿ, ಮಣ್ಣು ತಿಂದುಕೊಂಡು, ತಗಡಿನ ಸೀಟಲ್ಲಿ. ಈ ಹೊಸ ಟ್ರ್ಯಾಕ್ಟರಿಗೆ ಗಾಜಿನ ಗೂಡಿದೆ. ಒಳಗೆ ತಣ್ಣಗಿರುತ್ತೆ. ಅದರಲ್ಲಿ ಕೂತವನಿಗೆ ತಿಂಗಳ ಸಂಬಳ. ಪ್ರದರ್ಶನ ಚೆನ್ನಾಗಿ ಆಗಲಿ, ಸೀಟು ನಿಂದೇ, ಕಂಪನಿಯವರೇ ಕಲಿಸ್ತಾರೆ ಅಂತ ಧಣಿ ಮಾತು ಕೊಟ್ಟಿದ್ದ. ಎಲ್ಲರ ಮುಂದೆ ಬೆನ್ನು ತಟ್ಟಿ ಹೇಳಿದ್ದ. ನಾನು ಮನೆಗೆ ಓಡಿಹೋಗಿ ಅವ್ವನಿಗೆ ಹೇಳಿದೆ, ಇನ್ನು ನೀನು ಹೊಲಕ್ಕೆ ಬರಬೇಡ.

“ಮನೇಲಿ ಕೂತು ಏನ್ ಮಾಡ್ಲಿ?” ಅಂದಳು.

“ನೆಟ್ಟಗೆ ನಿಂತ್ಕೋ, ಸಾಕು.”

ಅವ್ವ ಈಗ ನಿಂತರೂ ಬಗ್ಗಿದಂಗೇ ಇರ್ತಾಳೆ. ಗೋಡೆಗೆ ಒರಗಿದರೆ ಭುಜ ಗೋಡೆ ಮುಟ್ಟಲ್ಲ. ಕಳೆ ಕಿತ್ತು, ಬೀಜ ಊರಿ, ತೆನೆ ಮುರಿದು, ಬೆನ್ನು ಹಂಗೇ ನಿಂತುಹೋಗಿದೆ.

ಬಿತ್ತನೆ ದಿನ ಧಣಿ ಸೀಟನ್ನ ಯಾರಿಗೂ ಬಿಡಲಿಲ್ಲ. ಮೊದಲ ಬಿತ್ತನೆ ನನ್ನದೇ ಅಂದ. ನಾನು ಹಿಂದೆ ಹಲಗೆ ಮೇಲೆ ನಿಂತು ಡಬ್ಬಿಗಳನ್ನ ನೋಡಿಕೊಳ್ಳಬೇಕಿತ್ತು. ಕಂಪನಿಯಿಂದ ಒಬ್ಬ ಹುಡುಗ ಬಂದಿದ್ದ. ನನಗಿಂತ ಸ್ವಲ್ಪ ದೊಡ್ಡವನಿರಬೇಕು, ಓದಿದವನು. ಅವನು ಗಾಡಿ ಪಕ್ಕದಲ್ಲೇ ಓಡ್ತಾ, “ಮೆಲ್ಲಗೆ ಸಾರ್, ಮೆಲ್ಲಗೆ. ಸ್ಪೀಡ್ ಜಾಸ್ತಿಯಾದ್ರೆ ಬೀಜ ತಪ್ಪುತ್ತೆ ಸಾರ್” ಅಂತ ಕೂಗಿದ. ಧಣಿಗೆ ಕೇಳಿಸಿತು. ಗಾಜು ಇಳಿಸಿ, “ಮೆಲ್ಲಗೆ ಹೋಗೋಕೆ ಇದೇನು ಎತ್ತಿನ ಗಾಡಿನಾ?” ಅಂದ. ಗಾಜು ಏರಿಸಿದ. ಒಂದೇ ದಿನಕ್ಕೆ ಅಷ್ಟೂ ಹೊಲ ಬಿತ್ತಿದೆ ಅಂತ ಹೇಳಿಕೊಳ್ಳೋ ಹುಚ್ಚು ಅವನಿಗೆ. ಆ ಹುಡುಗ ಮೆಲ್ಲಗೆ ಮೆಲ್ಲಗೆ ಅಂತ ಧೂಳೊಳಗೆ ಓಡಿದ್ದೇ ಓಡಿದ್ದು. ಸಂಜೆ ಹೊತ್ತಿಗೆ ದೊಡ್ಡಮ್ಮ ಅವನಿಗೆ ಮೆಲ್ಲಗಪ್ಪ ಅಂತ ಹೆಸರಿಟ್ಟಳು. ಅದೇ ಉಳಿಯಿತು.

ಮೊಳಕೆ ಬಂತು. ನೋಡಿದರೆ ಹಲ್ಲು ಉದುರಿದ ಬಾಯಿ. ಸಾಲು ನೆಟ್ಟಗಿತ್ತು, ಗಿಡ ಇರಲಿಲ್ಲ. ಇಲ್ಲಿ ಮಾರುದ್ದ ಖಾಲಿ. ಅಲ್ಲಿ ಒಂದೇ ಜಾಗದಲ್ಲಿ ಮೂರು ಗಿಡ ಒಂದರ ಕುತ್ತಿಗೆ ಒಂದು ಹಿಚುಕಿಕೊಂಡು ನಿಂತಿದ್ದವು. ಮೆಕ್ಕೆಜೋಳಕ್ಕೆ ಜಾಗ ಬೇಕು. ಒತ್ತಾಗಿದ್ದರೆ ತೆನೆ ಕಟ್ಟಲ್ಲ, ಖಾಲಿಯಿದ್ದರೆ ಕಟ್ಟೋದಕ್ಕೆ ಗಿಡವೇ ಇಲ್ಲ.

ಪ್ರದರ್ಶನದ ದಿನ ನಿಗದಿಯಾಗಿಬಿಟ್ಟಿತ್ತು. ಜನಕ್ಕೆಲ್ಲ ಹೇಳಿಯಾಗಿತ್ತು. ಧಣಿ ಬದುವಿನ ಮೇಲೆ ಅತ್ತಿಂದಿತ್ತ ನಡೆದ. ಆಮೇಲೆ ಕೂಲಿ ಹೆಂಗಸರನ್ನ ಕರೆಸಿದ. ಅವ್ವನೂ ಬಂದಳು.

ಕೆಲಸ ಏನಂದರೆ, ಒತ್ತಾದ ಕಡೆಯಿಂದ ಗಿಡ ಎತ್ತಬೇಕು, ಖಾಲಿ ಕಡೆ ಕೂರಿಸಬೇಕು. ಹೇಳೋಕೆ ಸುಲಭ. ಬೇರಿನ ಸುತ್ತಲ ಮಣ್ಣು ಉದುರಿದರೆ ಗಿಡ ಸತ್ತಂಗೆ. ಅದಕ್ಕೇ ಎಲ್ಲರೂ ಮನೆಯಿಂದ ಹಳೇ ಕಬ್ಬಿಣದ ಚಮಚ ತಂದರು. ಮಂಡಿಯೂರಿ, ಚಮಚ ಇಳಿಸಿ, ಮಣ್ಣು ಸಮೇತ ಎತ್ತಿ, ಬೊಗಸೆಯಲ್ಲಿ ಇಟ್ಟುಕೊಂಡು, ಮಂಡಿಯಲ್ಲೇ ತೆವಳಿಕೊಂಡು ಖಾಲಿ ಜಾಗಕ್ಕೆ ಹೋಗಿ, ಕೂರಿಸಿ, ಹೆಬ್ಬೆರಳಿಂದ ಒತ್ತಿ, ಡಬ್ಬಿಯಿಂದ ನೀರು ಬಿಡಬೇಕು. ಮತ್ತೆ ಹಿಂದಕ್ಕೆ ತೆವಳಬೇಕು. ಚಪ್ಪಲಿ ಹಾಕೋ ಹಾಗಿಲ್ಲ, ಗುರುತು ಆಳ ಬೀಳುತ್ತೆ. ನೆಲ ಕಾದ ಹೆಂಚು. ಮಂಡಿಯ ಚರ್ಮ ಮೊದಲು ಕೆಂಪಗಾಯಿತು, ಆಮೇಲೆ ಸುಲಿಯಿತು. ಅವ್ವ ಮಂಡಿಗೆ ಬಟ್ಟೆ ಕಟ್ಟಿಕೊಂಡಳು. ಬಟ್ಟೆ ಹುಣ್ಣಿಗೆ ಅಂಟಿಕೊಂಡಿತು. ಮನೆಗೆ ಬಂದಮೇಲೆ ಬಿಸಿನೀರು ಹಾಕಿ ನೆನೆಸಿ ಬಿಡಿಸಬೇಕಾಯ್ತು. ಬಿಡಿಸಿದವನು ನಾನೇ. ಅವಳು ನನ್ನ ಕೂದಲು ಹಿಡಿದುಕೊಂಡಿದ್ದಳು.

ಆ ಕೆಲಸ ನಡೆಯುವಾಗ ಒಂದು ದಿನ ಮೆಲ್ಲಗಪ್ಪ ಬಂದ. ಕಾರು ಗೇಟಲ್ಲಿ ನಿಂತಿತು. ನಮ್ಮ ಹೆಂಗಸರು ಸಾಲುಸಾಲಾಗಿ ಮಂಡಿ ಮೇಲಿದ್ದರು. ಅವನು ನೋಡಿದ. ಚೆನ್ನಾಗಿಯೇ ನೋಡಿದ. ಕಾರು ತಿರುಗಿಸಿಕೊಂಡು ಹೋದ.

“ಮೆಲ್ಲಗೆ ಹೋದ್ನಲ್ಲೇ!” ಅಂದಳು ದೊಡ್ಡಮ್ಮ. ಯಾರೂ ನಗಲಿಲ್ಲ.

ಗಿಡ ಕೂರಿಸಿದ್ದಾದಮೇಲೆ ಇನ್ನೊಂದು ಕೆಲಸ. ಹೆಜ್ಜೆ ಅಳಿಸೋದು. ಬಂದವರಿಗೆ ಗಾಲಿಯ ಗುರುತು ಮಾತ್ರ ಕಾಣಬೇಕು, ಮನುಷ್ಯರ ಗುರುತು ಕಾಣಬಾರದು ಅಂದ ಧಣಿ. ಒದ್ದೆ ಗೋಣಿಚೀಲ ಕೊಟ್ಟ. ಅದನ್ನ ನೆಲದ ಮೇಲೆ ಎಳೀತಾ ಹಿಂದಕ್ಕೆ ಹಿಂದಕ್ಕೆ ನಡೀಬೇಕು. ಮುಂದೆ ಗಿಡ, ಹಿಂದೆ ಬದು, ಮಧ್ಯೆ ಬಗ್ಗಿದ ಅವ್ವ. ತಾನಿಟ್ಟ ಹೆಜ್ಜೆ ತಾನೇ ಅಳಿಸಿಕೊಂಡು ಹೋಗ್ತಿದ್ದಳು. ನಾನೂ ಒಂದು ಗೋಣಿ ಹಿಡಿದೆ. ಬದು ತಲುಪಿ ತಿರುಗಿ ನೋಡಿದರೆ ಹೊಲ ಹೊಸ ಬಟ್ಟೆಯಂಗೆ ನುಣ್ಣಗಿತ್ತು. ಯಾರೂ ಬಂದಿಲ್ಲ, ಯಾರೂ ಮುಟ್ಟಿಲ್ಲ. ನಾವು ಇರಲೇ ಇಲ್ಲ.

ಬಾಯಿಗೆ ಒಂದು ಮಾತು ಬಂತು. ಸೀಟು ನೆನಪಾಯಿತು. ನುಂಗಿದೆ.

ಪ್ರದರ್ಶನದ ಬೆಳಿಗ್ಗೆ ಅವ್ವ ಬದುವಿನ ಮೇಲೆ ನೀರಿನ ಕ್ಯಾನು ತರ್ತಿದ್ದಳಂತೆ. ಸಾಲಿನ ಒಳಗೆ ಒಂದು ಗಿಡ ವಾಲಿತ್ತು. ಅವಳೇ ಕೂರಿಸಿದ್ದು. ವಾಲಿದ ಗಿಡ ಬಿಟ್ಟು ಹೋಗೋಕೆ ಅವಳಿಗೆ ಬರಲ್ಲ. ಒಳಗೆ ಕಾಲಿಟ್ಟಳು, ಗಿಡ ಎತ್ತಿ ಮಣ್ಣು ಒತ್ತಿದಳು, ಬಂದಳು. ಗೋಣಿ ಅವತ್ತು ಕೈಯಲ್ಲಿರಲಿಲ್ಲ.

ಅಷ್ಟೇ ತಪ್ಪು. ಅದಕ್ಕೆ ದನ.

ಬಂದವರಲ್ಲಿ ಒಬ್ಬ ಕೂತು ನೋಡಿ, “ದನದ್ದಲ್ಲ ಸ್ವಾಮಿ, ಮನುಷ್ಯರದ್ದು” ಅಂದ.

“ಹೇಳಿದ ಮಾತು ಕೇಳದೆ ಇರೋದನ್ನ ನಾನು ಮನುಷ್ಯರು ಅನ್ನಲ್ಲ” ಅಂದ ಧಣಿ. ಮತ್ತೆ ನಗು. ಆ ನಗು ಅವನಿಗೆ ಇನ್ನಷ್ಟು ಹುಮ್ಮಸ್ಸು ಕೊಟ್ಟಿತು. ಕೈ ಬೀಸಿ ನಮ್ಮನ್ನ ಕರೆದ. “ಬನ್ನಿ, ಎಲ್ಲರೂ ಬನ್ನಿ. ಸಾಲಾಗಿ ನಿಂತ್ಕೊಳ್ಳಿ. ಕಾಲು ತೋರಿಸಿ.”

ಹೆಂಗಸರು ಬಂದು ನಿಂತರು. ಒಬ್ಬೊಬ್ಬರದೇ ಕಾಲು ನೋಡ್ತಾ ಹೋದ. ಸಂತೆಯಲ್ಲಿ ಎಮ್ಮೆ ಕಾಲು ನೋಡೋ ಹಾಗೆ. ದೊಡ್ಡಮ್ಮ ಸೀರೆ ಒಂದಿಷ್ಟು ಎತ್ತಿ, “ಚೆನ್ನಾಗಿ ನೋಡಿ ಧಣಿ, ಉಗುರು ಕತ್ತರಿಸಿಲ್ಲ” ಅಂದಳು. ಬಾಯಿ ಮುಚ್ಚು ಅಂದ. ಅವ್ವನ ಹತ್ತಿರ ಬಂದ. ಅವ್ವ ಕಾಲನ್ನ ಒಂದರ ಹಿಂದೆ ಒಂದು ಮರೆಮಾಡಿಕೊಂಡಿದ್ದಳು. ಅವನಿಗೆ ಗೊತ್ತಾಗಿಹೋಯಿತು.

“ನೀನಾ? ಹೋಗು. ಅದರೊಳಗೆ ಕಾಲಿಡು. ಅಳತೆ ನೋಡೋಣ.”

ಅವ್ವ ಹೋದಳು. ತನ್ನ ಹೆಜ್ಜೆಯಲ್ಲಿ ತಾನು ಕಾಲಿಟ್ಟಳು. ಸರಿಯಾಗಿ ಕೂತಿತು. ಅಲ್ಲಿದ್ದ ಯಾರೋ ಚಪ್ಪಾಳೆ ಹೊಡೆದ.

“ಈಗ ಒರೆಸು.”

ಅವ್ವ ಗೋಣಿಗಾಗಿ ಸುತ್ತ ನೋಡಿದಳು.

“ಗೋಣಿ ಯಾಕೆ? ತಲೆಗೆ ಕಟ್ಟಿದೀಯಲ್ಲ ಬಟ್ಟೆ, ಅದನ್ನ ಬಿಚ್ಚು. ಅದರಲ್ಲೇ ಒರೆಸು. ಇವರೆಲ್ಲ ನೋಡಲಿ.”

ಅವ್ವ ತಲೆಬಟ್ಟೆಗೆ ಕೈಹಾಕಿದಳು. ಗಂಟು ಬಿಗಿಯಾಗಿತ್ತು. ಉಗುರು ಹಾಕಿ ತಡಕಾಡಿ ಬಿಡಿಸಿದಳು. ನೆರೆತ ಕೂದಲು ಹೊರಬಂತು. ಇಷ್ಟೊಂದು ಬೆಳ್ಳಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಅವಳು ಬಗ್ಗಿದಳು. ಮಂಡಿಯೂರಿದಳು. ಹುಣ್ಣು ನೆಲಕ್ಕೆ ತಾಗಿದಾಗ ಮುಖ ಕಿವುಚಿದಳು.

“ಒರೆಸಬೇಡ ಅವ್ವ.”

ನನ್ನ ದನಿ ಇಷ್ಟು ಗಟ್ಟಿಯಾಗಿ ಬರುತ್ತೆ ಅಂತ ನನಗೂ ಗೊತ್ತಿರಲಿಲ್ಲ. ನಗು ನಿಂತಿತು. ಬಾಟಲಿಗಳು ಬಾಯಿಯಿಂದ ಕೆಳಗಿಳಿದವು.

“ಲೇ,” ಅಂದ ಧಣಿ. ಮೆಲ್ಲಗೇ ಅಂದ. “ಸೀಟು ಬೇಕು ಅಂದೋನು ನೀನೇ ತಾನೇ?”

“ಹೌದು, ಬೇಕು.”

“ಹಾಗಾದ್ರೆ ಬಾಯಿ ಮುಚ್ಕೊಂಡು ಆ ಕಡೆ ಹೋಗು.”

“ಎದ್ದೇಳು ಅವ್ವ.”

“ಬಿಡೋ ಮಗನೇ,” ಅಂದಳು ಅವ್ವ, ನೆಲ ನೋಡ್ಕೊಂಡೇ. “ಒಂದು ಒರೆಸು, ಮುಗೀತು. ನಿನ್ನ ಸೀಟು…”

“ನಿನ್ನ ತಲೆಬಟ್ಟೆ ಮೇಲೆ ಹಾಸಿಕೊಂಡು ಕೂರೋ ಸೀಟು ನನಗೆ ಬೇಡ. ಎದ್ದೇಳು.”

ಅವಳು ಏಳಲಿಲ್ಲ. ಒರೆಸಲೂ ಇಲ್ಲ. ಹಂಗೇ ಇದ್ದಳು. ನಾನು ಬದು ಇಳಿದೆ. ಚಪ್ಪಲಿ ಕಾಲಲ್ಲೇ ಹೊಲಕ್ಕೆ ಇಳಿದೆ. ಧಣಿ, ಏಯ್ ಏಯ್ ಅಂದ. ನಾನು ಅವ್ವ ನೆಟ್ಟ ಗಿಡಕ್ಕೆ ಕೈಹಾಕಿದೆ. ಬುಡ ಸಮೇತ ಕಿತ್ತು ಎಲ್ಲರ ಮುಖಕ್ಕೆ ಹಿಡಿಯಬೇಕು ಅಂತಿತ್ತು. ನೋಡಿ, ಚಮಚದ ಅಚ್ಚು ನೋಡಿ, ಇದು ನಿಮ್ಮ ಕೈ ಸೋಕದ ಹೊಲ.

ಅವ್ವ ನನ್ನ ಮಣಿಕಟ್ಟು ಹಿಡಿದಳು. ಗಂಟು ಬಿಚ್ಚೋಕೆ ತಡಕಾಡಿದ್ದ ಕೈ ಈಗ ಕಬ್ಬಿಣದ ಇಕ್ಕಳದಂಗಿತ್ತು.

“ಅದೇನು ಮಾಡ್ತೋ ನಿನಗೆ? ಬದುಕ್ತಿದೆ. ಬಿಡು ಅದನ್ನ.”

ಬಿಟ್ಟೆ. ಎದ್ದು ನಿಂತು ಬದುವಿನ ಮೇಲಿದ್ದವರಿಗೆ ಹೇಳಿದೆ. ಉದ್ದ ಭಾಷಣ ನನಗೆ ಬರಲ್ಲ.

“ಇದನ್ನ ನಮ್ಮವ್ವ ನೆಟ್ಟಿದ್ದು. ಮೆಷಿನ್ ಇಲ್ಲಿ ಬೀಜ ಬಿಟ್ಟಿರಲಿಲ್ಲ. ಮೆಷಿನ್ ಬಿಡದೆ ಹೋದ ಕಡೆಯೆಲ್ಲ ಇವರು ಮಂಡಿಯಲ್ಲಿ ತೆವಳಿ ನೆಟ್ಟಿದಾರೆ. ಆಮೇಲೆ ಧಣಿ ಇವರ ಕೈಲೇ ಹೆಜ್ಜೆ ಒರೆಸಿಸಿದ್ರು. ಒಂದು ಉಳೀತು. ಅದಕ್ಕೆ ದನ ಅಂದ್ರು, ನೀವು ನಕ್ಕಿರಿ.”

“ತಲೆ ಕೆಟ್ಟಿದೆ ಇವನಿಗೆ,” ಅಂದ ಧಣಿ. “ಕುಡಿದು ಬಂದಿದಾನೆ.”

“ನಾನು ಕುಡಿದಿಲ್ವಲ್ಲ ಧಣಿ,” ಅಂತ ಹಿಂದಿನಿಂದ ಬಂತು. ದೊಡ್ಡಮ್ಮ. ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ಇಳಿದಳು. ಸಾಲಿನೊಳಗೆ ದಡದಡ ನಡೆದಳು. “ಇದು ನಂದು. ಇದು ಮೆಷಿನ್ದು. ಇದು ನಂದು. ಇದೂ ನಂದು. ಅಯ್ಯೋ, ಇದಕ್ಕೆ ನೀರು ಹಾಕುವಾಗ ಬೆನ್ನು ಹಿಡ್ಕೊಂಡಿತ್ತು, ಎದ್ದೇಳಕ್ಕೇ ಆಗಿರಲಿಲ್ಲ. ಇದು ನಂದು.”

ಆಮೇಲೆ ಇನ್ನೊಬ್ಬಳು ಇಳಿದಳು. ಅವಳ ಹಿಂದೆ ಮತ್ತೊಬ್ಬಳು. ಧಣಿ ನಾಳೆಯಿಂದ ಒಬ್ಬರಿಗೂ ಕೆಲಸವಿಲ್ಲ ಅಂತ ಕೂಗಿದ. ಒಬ್ಬಳು, “ಬ್ಯಾನರಲ್ಲಿ ಆಗಲೇ ಬರೆಸಿದೀರಲ್ಲ” ಅಂದಳು. ಇಡೀ ಹೊಲದಲ್ಲಿ ಹೆಂಗಸರು ಓಡಾಡ್ತಾ, ಬಗ್ಗದೆ, ಬೆರಳು ಮಾಡಿ ತೋರಿಸ್ತಾ ಇದ್ದರು. ಇದು ನಂದು, ಇದು ನಂದು. ಗೋಣಿ ಎಳೆದು ನುಣ್ಣಗೆ ಮಾಡಿದ ನೆಲವೆಲ್ಲ ಬೆರಳು, ಹಿಮ್ಮಡಿ, ಬಿರುಕು. ಅವ್ವನೂ ಎದ್ದಳು. ತಲೆಬಟ್ಟೆಯ ಮಣ್ಣು ಕೊಡವಿದಳು. ಮತ್ತೆ ಕಟ್ಟಿಕೊಂಡಳು. ಗಂಟು ಬಿಗಿ ಮಾಡಿಕೊಂಡಳು.

ಬದುವಿನ ಮೇಲಿದ್ದವರಿಗೆ ನಮ್ಮ ಮೇಲೆ ಕನಿಕರ ಬಂತು ಅಂದುಕೊಳ್ಳಬೇಡಿ. ಅವರಿಗೆ ಬೀಜದ ಚಿಂತೆ ಬಂತು. ಒಬ್ಬ ಕೇಳಿಯೇ ಬಿಟ್ಟ: “ಹಂಗಾದ್ರೆ ಕಂಪನಿಯೋರು ಮೆಷಿನ್ ಜೊತೆ ಇಷ್ಟು ಹೆಂಗಸರನ್ನೂ ಕೊಡ್ತಾರಾ?” ಮತ್ತೆ ನಗು. ಈ ಸಲ ಧಣಿ ಕಡೆ ನೋಡ್ಕೊಂಡು. ಧಣಿಯ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಮೊದಲು ನಮ್ಮನ್ನ ನೋಡಿ ನಕ್ಕ ಬಾಯಿಗಳೇ. ಅವಕ್ಕೆ ಯಾರಾದರೂ ಒಬ್ಬರು ಸಿಕ್ಕಿದರೆ ಆಯ್ತು.

ನಾನು ಅವ್ವನ ತೋಳು ಹಿಡಿದೆ. ಗೇಟಿನ ಕಡೆ ಹೊರಟೆವು. ಹೊಲದ ನಡುವೆಯೇ ನಡೆದೆವು. ಧಣಿ ಹಿಂದಿನಿಂದ ನನ್ನ ಅಪ್ಪನ ಹೆಸರು ತೆಗೆದು ಏನೇನೋ ಬೈದ. ಅಪ್ಪ ಇದ್ದಾಗಲೂ ಹಂಗೇ ಬೈತಿದ್ದ.

ಗೇಟು ದಾಟೋಷ್ಟರಲ್ಲಿ ಹಿಂದೆ ಓಡೋ ಸದ್ದು. ಮೆಲ್ಲಗಪ್ಪ. ಏದುಸಿರು ಬಿಡ್ತಾ ಮುಂದೆ ಬಂದು ನಿಂತ. ಅಂಗಿ ಬೆವರಲ್ಲಿ ನೆಂದಿತ್ತು. ಅಷ್ಟು ಹೊತ್ತೂ ಟೆಂಟಿನ ಕಂಬದ ಹಿಂದೆ ಇದ್ದ ಅವನು.

“ತಮ್ಮಾ, ಒಂದು ನಿಮಿಷ. ನೀನು ಹೇಳಿದ್ದು ನಿಜ, ನಾನು ಇಲ್ಲ ಅನ್ನಲ್ಲ. ಆದ್ರೆ ಪೂರ್ತಿ ಹೇಳಲಿಲ್ಲ ನೀನು. ಬಿತ್ತುವಾಗ ಹಿಂದೆ ಹಲಗೆ ಮೇಲೆ ಇದ್ದೋನು ನೀನೇ. ನಾನು ಕೂಗಿದ್ದು ಕೇಳಿಸಿಕೊಂಡಿದೀಯ. ಮೆಷಿನ್ದು ತಪ್ಪಿಲ್ಲ. ಓಡಿಸಿದ್ದು ಸ್ಪೀಡಾಯ್ತು. ಅಷ್ಟು ಹೇಳು. ಜನ ಇನ್ನೂ ಹೋಗಿಲ್ಲ.”

ನಾನು ಅವನ ಮುಖ ನೋಡಿದೆ.

“ಅವರ ಮುಂದೆ ಬೇಡ ಅಂದ್ರೆ ಇಲ್ಲೇ ಹೇಳು.” ಫೋನು ತೆಗೆದ. “ವಿಡಿಯೋ ಮಾಡಿ ನಾನು ಎಲ್ಲರಿಗೂ ಕಳಿಸ್ತೀನಿ. ಸೀಟಿನ ಚಿಂತೆ ನಿನಗೆ ಬೇಡ, ಇವರ ಟ್ರ್ಯಾಕ್ಟರ್ ಅಲ್ದಿದ್ರೆ ಇನ್ನೊಬ್ಬರದ್ದು. ಕಂಪನಿಯಿಂದ ನಾನು ಹಾಕಿಸ್ತೀನಿ. ತಿಂಗಳ ಸಂಬಳ. ಇದು ನನ್ನ ಕೆಲಸದ ಪ್ರಶ್ನೆ ತಮ್ಮಾ. ಪಾಪ ಆ ಮೆಷಿನ್ ಹೆಸರು ಕೆಡುತ್ತೆ.”

ಅವನು ಹೇಳಿದ್ದು ಸುಳ್ಳಲ್ಲ. ಮೆಷಿನ್ದು ತಪ್ಪಿರಲಿಲ್ಲ. ನಿಜ ಹೇಳೋಕೇ ಕರೀತಿದ್ದ. ನಿಜ ಹೇಳಿದರೆ ಸೀಟು. ಒಂದು ಕ್ಷಣ ಆ ಗಾಜಿನ ಗೂಡು ಕಣ್ಣಮುಂದೆ ಬಂತು. ತಣ್ಣಗಿತ್ತು.

ಪಕ್ಕದಲ್ಲಿ ಅವ್ವ ಒಂದು ಕಾಲೆತ್ತಿ ನಿಂತಿದ್ದಳು. ಮಂಡಿಯ ಹುಣ್ಣು ಒಡೆದು ರಕ್ತ ಕಣಕಾಲಿನ ತನಕ ಇಳಿದಿತ್ತು. ಮೆಲ್ಲಗಪ್ಪನ ಕಣ್ಣು ಅಲ್ಲಿಗೆ ಹೋಯಿತು. ಹೋದಷ್ಟೇ ಬೇಗ ಫೋನಿಗೆ ವಾಪಸ್ ಬಂತು. ಅವತ್ತು ಗೇಟಲ್ಲಿ ನಿಂತು ನೋಡಿದ್ದನಲ್ಲ, ಅದರ ಬಗ್ಗೆ ಒಂದು ಮಾತಿಲ್ಲ. ಮೆಷಿನ್ ಹೆಸರು ಕೆಡುತ್ತಂತೆ. ಅದಕ್ಕೆ ಪಾಪವಂತೆ.

“ರೆಕಾರ್ಡ್ ಆಗ್ತಿದೆ,” ಅಂದ. “ಹ್ಞೂಂ, ಹೇಳು.”

ಅವ್ವನ ಕೈಯನ್ನ ನನ್ನ ಹೆಗಲ ಮೇಲೆ ಹಾಕಿಕೊಂಡೆ. ಅವಳ ಭಾರ ನನ್ನ ಮೇಲೆ ಬಿತ್ತು.

“ಹೇಳು ತಮ್ಮಾ. ಏನಂತೀಯ?”

ಅವನನ್ನ ದಾಟಿಕೊಂಡು ರಸ್ತೆಗೆ ಇಳಿದೆವು. ಹಿಂದಿನಿಂದ ಮತ್ತೆ ಕೇಳಿದ. ಇನ್ನೊಂದು ಸಲ ಕೇಳಿದ. ನಾನು ತಿರುಗಲಿಲ್ಲ. ಅವನ ಫೋನಿನಲ್ಲಿ ಏನಾದರೂ ಉಳಿದಿದ್ದರೆ ನಮ್ಮಿಬ್ಬರ ಬೆನ್ನು ಉಳಿದಿರಬೇಕು.